ಗದ್ದಲದ ಕೈ

ಮೊದಲೇ ಹೇಳಿಬಿಡ್ತೀನಿ, ಆ ಕೈಯಲ್ಲಿ ದೋಷ ಇರಲಿಲ್ಲ. ಅಂಗಸೇತು ಮಂಡಳಿಯವರು ಏನಾದರೂ ಬರೆದುಕೊಳ್ಳಲಿ, ಪತ್ರಿಕೆಯವರು ಉಪ್ಪು ಖಾರ ಹಚ್ಚಿ ಏನಾದರೂ ಅಚ್ಚು ಹಾಕಲಿ. ಹತ್ತೊಂಬತ್ತು ವರ್ಷ ಆ ಮಂಡಳಿಯ ನಿಯಂತ್ರಣ ಕೊಠಡಿಯಲ್ಲಿ ಕೂತು ಜನರ ಕೃತಕ ಕೈ, ಕಾಲು, ಕಣ್ಣು, ಕಿವಿಗಳ ದೂರು ನೋಡಿದವಳು ನಾನು, ಇಂದ್ರಾಣಿ. ನನಗೆ ಬಾಯಿ ಜೋರು ಅನ್ನೋರಿದ್ದಾರೆ. ಹೌದು, ಜೋರೇ. ಈ ಕಥೆಗೆ ಅದು ಬೇಕಾಗಿತ್ತು.

ಅಂಗಸೇತು ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಕತ್ತಿನ ಹಿಂದೆ, ಚರ್ಮದ ಕೆಳಗೆ, ಹುಣಿಸೆ ಬೀಜದಷ್ಟು ಒಂದು ಚಿಪ್ಪು ಇಡ್ತಾರೆ. ಕೃತಕ ಅಂಗಕ್ಕೂ ಮಿದುಳಿಗೂ ನಡುವೆ ಅದೇ ದಲ್ಲಾಳಿ. ಅದರೊಳಗೆ ಒಂದು ಆಪರೇಟಿಂಗ್ ಸಿಸ್ಟಮ್ ಓಡುತ್ತಿರುತ್ತೆ, ನಿಮ್ಮ ಕಂಪ್ಯೂಟರಿನಲ್ಲಿ ಇರುವ ಜಾತಿಯದೇ. ಕಂಪ್ಯೂಟರಿಗೆ ಕೀಬೋರ್ಡು, ಪ್ರಿಂಟರು ಹೇಗೋ, ಇದಕ್ಕೆ ಕೈಕಾಲು ಹಾಗೆ. ಒಂದೊಂದು ಅಂಗದ ಭಾಷೆ ತಿಳಿದ ಒಂದೊಂದು ಡ್ರೈವರ್ ಇರುತ್ತೆ. ಕೈ ಏನಾದರೂ ಮುಟ್ಟಿದರೆ ಡ್ರೈವರಿಗೆ ಹೇಳುತ್ತೆ, ಡ್ರೈವರ್ ಸಿಸ್ಟಮ್ಮಿಗೆ ಹೇಳುತ್ತೆ, ಸಿಸ್ಟಮ್ ಮನಸ್ಸು ಬಂದರೆ ನಿಮಗೆ ಹೇಳುತ್ತೆ. ಮನಸ್ಸು ಬಂದರೆ ಅಂದೆನಲ್ಲ, ಜಗಳ ಇರೋದೇ ಅಲ್ಲಿ.

ಮೆಹರುನ್ನೀಸಾ ನನ್ನ ಮೇಜಿನ ಮುಂದೆ ಬಂದು ನಿಂತದ್ದು ಒಂದು ಮಂಗಳವಾರ ಮಧ್ಯಾಹ್ನ. ನಲವತ್ತೈದರ ಹೆಂಗಸು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಮನೆತನ. ಎರಡು ವರ್ಷದ ಹಿಂದೆ ಬಾಯ್ಲರ್ ಸಿಡಿದು ಬಲಗೈ ಮೊಣಕೈವರೆಗೆ ಹೋಗಿತ್ತು. ಎಂಟು ತಿಂಗಳ ಹಿಂದೆ ಮಂಡಳಿಯೇ ಹೊಸ ಕೈ ಕೂಡಿಸಿತ್ತು. ಆ ಕೈಯನ್ನು ಮೇಜಿನ ಮೇಲೆ ಇಟ್ಟು, "ಇದನ್ನ ವಾಪಸ್ ತಗೊಳ್ಳಿ ಮೇಡಂ" ಅಂದಳು.

"ಯಾಕಮ್ಮ, ಬೆರಳು ಮಡಚಲ್ವಾ?"

"ಎಲ್ಲಾ ಮಡಚುತ್ತೆ. ಪಾತ್ರೆ ತೊಳೀತೀನಿ, ರೊಟ್ಟಿ ತಟ್ಟುತೀನಿ. ಒಲೆ ಮುಂದೆ ನೂಲು ತೆಗೆಯೋಕೆ ಕೂತ್ರೆ ಮಾತ್ರ ಕೈ ಸತ್ತುಹೋಗುತ್ತೆ. ಬಿಸಿನೀರಿನ ಬಾಣಲೆ ಬಿಟ್ಟು ಎದ್ದು ಬಂದ್ರೆ ಮತ್ತೆ ಜೀವ ಬರುತ್ತೆ."

"ನೀರಿನ ಬಿಸಿಗೆ ಇರಬೇಕು."

"ನಿಮ್ಮೋರು ಮೂರು ಸಲ ಇದನ್ನೇ ಹೇಳಿ ಕಳಿಸಿದ್ರು." ಅವಳ ದನಿ ಏರಿತು. "ಆಸ್ಪತ್ರೇಲಿ ಕೈ ಕೂಡಿಸಿದ ದಿನ ಡಾಕ್ಟ್ರು ಬೆರಳಿನ ಮೇಲೆ ಒಂದು ಎಳೆ ಹತ್ತಿ ಇಟ್ರು. ಒಂದೇ ಎಳೆ. ನನಗೆ ಗೊತ್ತಾಯ್ತು ಮೇಡಂ! ನಾನು ಅತ್ತುಬಿಟ್ಟೆ. ಮೂರು ನಿಮಿಷ ಹಾಗಿತ್ತು. ಆಮೇಲೆ ಏನೋ ಒತ್ತಿದ್ರು, ಹೋಯ್ತು. ಕೊಟ್ಟದ್ದನ್ನ ಯಾಕೆ ಕಿತ್ಕೊಂಡ್ರಿ, ಅದನ್ನ ಹೇಳಿ."

ಹೊಸ ಕೈ ಬಂದು ಎಂಟು ತಿಂಗಳಾದರೂ ಅವಳಿಗೆ ಒಲೆಯ ಮುಂದೆ ಕೂತು ನೂಲು ತೆಗೆಯೋಕಾಗಿಲ್ಲವಂತೆ. ಇಪ್ಪತ್ತೆಂಟು ವರ್ಷ ನೂಲು ತೆಗೆದವಳು ಈಗ ಸತ್ತ ಹುಳ ಗುಡಿಸಿ ಬುಟ್ಟಿಗೆ ತುಂಬುತ್ತಾಳೆ. ನಾನು ಅವಳ ಕೈಯ ದಾಖಲೆ ತೆಗೆದು ನೋಡಿದೆ. ಒಂದೇ ಸಾಲು, ಮೂರು ಸಲ ಬರೆದಿತ್ತು: ಗದ್ದಲದ ಸಾಧನ, ಗಂಟೆ ಕಟ್ಟಲಾಗಿದೆ.

ಇದರ ಅರ್ಥ ಹೇಳ್ತೀನಿ. ಒಂದು ಕಚೇರಿಯಲ್ಲಿ ಒಬ್ಬನೇ ಜವಾನ, ಇಪ್ಪತ್ತು ಮೇಜು ಅಂದುಕೊಳ್ಳಿ. ಅವನು ಎರಡು ರೀತಿ ಕೆಲಸ ಮಾಡಬಹುದು. ಒಂದು, ಮೇಜಿಂದ ಮೇಜಿಗೆ ಸುತ್ತುತ್ತಾ "ಏನಾದರೂ ಇದೆಯಾ ಸಾರ್, ಏನಾದರೂ ಇದೆಯಾ ಸಾರ್" ಅಂತ ಕೇಳೋದು. ಇನ್ನೊಂದು, ಮೇಜಿಗೊಂದು ಗಂಟೆ ಇಟ್ಟು, ಬಾರಿಸಿದಾಗ ಓಡೋದು. ಸಿಸ್ಟಮ್ ಸಾಮಾನ್ಯವಾಗಿ ಗಂಟೆಯ ಮೇಲೆ ನಡೆಯುತ್ತೆ, ನಮ್ಮ ಭಾಷೆಯಲ್ಲಿ ಅದು ಇಂಟರಪ್ಟ್. ಆದರೆ ಒಂದು ಮೇಜಿನವನು ಬಿಡದೆ ಗಂಟೆ ಬಾರಿಸಿದರೆ ಮಿಕ್ಕವರ ಕೆಲಸ ಕೆಡುತ್ತೆ. ಆಗ ಸಿಸ್ಟಮ್, ಈ ಮೇಜು ಕೆಟ್ಟಿದೆ ಅಂತ ತೀರ್ಮಾನಿಸಿ ಗಂಟೆಯ ನಾಲಿಗೆ ಕಟ್ಟಿಹಾಕುತ್ತೆ. ಆಮೇಲೆ ಸೆಕೆಂಡಿಗೆ ಹತ್ತು ಸಲ ತಾನೇ ಹೋಗಿ ವಿಚಾರಿಸಿಕೊಂಡು ಬರುತ್ತೆ. ನಡುವೆ ಬಂದದ್ದೆಲ್ಲ ಕಸದ ಬುಟ್ಟಿಗೆ.

ಅಷ್ಟೇ ಆಗಿದ್ದರೆ ಪರವಾಗಿಲ್ಲ. ಮುಂದಿನ ಸೋಮವಾರ ಹೊಸ ಆವೃತ್ತಿ ಬರುವುದಿತ್ತು. ಮೂರು ಸಲ ಗದ್ದಲ ಮಾಡಿದ ಅಂಗದ ಗಂಟೆಯನ್ನು ಅದು ಶಾಶ್ವತವಾಗಿ ಕಟ್ಟಿಬಿಡುತ್ತೆ, ಆಮೇಲೆ ಬ್ರಹ್ಮ ಬಂದರೂ ಬಿಚ್ಚೋಕಾಗಲ್ಲ. ಪಟ್ಟಿಯಲ್ಲಿ ಮೆಹರುನ್ನೀಸಾಳ ಕೈ ಇತ್ತು.

"ಮನೆಗೆ ಹೋಗಿ ಒಲೆ ಹಚ್ಚಿಡಿ. ಗುರುವಾರ ನಾನೇ ಬರ್ತೀನಿ" ಅಂದೆ.

ಶಿಡ್ಲಘಟ್ಟದ ಆ ಬೀದಿಗೆ ಕಾಲಿಟ್ಟರೆ ಮೊದಲು ಮೂಗಿಗೆ ಗೊತ್ತಾಗುತ್ತೆ. ಬೆಂದ ರೇಷ್ಮೆಹುಳದ ವಾಸನೆ ಸೀರೆಗೆ ಹತ್ತಿದರೆ ಮೂರು ಒಗೆತ ಬೇಕು. ಮೆಹರುನ್ನೀಸಾಳ ಗಂಡ ಖಾದರ್ ಸಾಬ್ರು ಬಾಗಿಲಲ್ಲೇ ಚಹಾ ಹಿಡಿದು ನಿಂತಿದ್ದರು. ದೊಡ್ಡ ದೊಡ್ಡ ಯಂತ್ರ ಬಂದಮೇಲೂ ಇವರ ಕಸುಬು ಹೇಗೆ ಉಳೀತು ಅಂತ ಕೇಳಿದೆ.

"ಜೋಡಿ ಗೂಡಿಂದ ಉಳೀತು ಮೇಡಂ. ಒಂದೇ ಗೂಡಲ್ಲಿ ಎರಡು ಹುಳ ಸೇರ್ಕೊಂಡು ಎಳೆ ಸಿಕ್ಕು ಮಾಡಿರ್ತವೆ. ಯಂತ್ರ ಅದನ್ನ ಉಗಿದುಬಿಡುತ್ತೆ. ಕೈಯೇ ಬೇಕು. ಅದೂ ಎಂಥ ಕೈ ಬೇಕು ಅಂದ್ರೆ ಇವಳದು" ಅಂತ ಹೆಂಡತಿಯ ಕಡೆ ನೋಡಿ, ಆಮೇಲೆ ನೆಲ ನೋಡಿದರು.

ಅವಳು ಒಲೆಯ ಮುಂದೆ ಕೂತಳು. ಬಾಣಲೆಯಲ್ಲಿ ಹಬೆಯಾಡುವ ನೀರು, ಅದರಲ್ಲಿ ತೇಲುವ ಗೂಡುಗಳು, ಪಕ್ಕದಲ್ಲಿ ಕೈ ಅದ್ದಿಕೊಳ್ಳೋಕೆ ತಣ್ಣೀರಿನ ಬಟ್ಟಲು. ಎಂಟು ಗೂಡಿನ ಎಂಟು ಎಳೆ ಸೇರಿ ಒಂದು ನೂಲು. ಒಂದು ಗೂಡು ಮುಗಿದರೆ ಒಂದು ಎಳೆ ಕಮ್ಮಿಯಾಗಿ ನೂಲು ತೆಳ್ಳಗಾಗುತ್ತೆ. ಆ ಕ್ಷಣವೇ ಹೊಸ ಗೂಡಿನ ಎಳೆ ಸೇರಿಸದಿದ್ದರೆ ನೂಲು ಕೆಟ್ಟಿತು. ಹಬೆಯಲ್ಲಿ ಕಣ್ಣಿಗೆ ಏನೂ ಕಾಣಲ್ಲ. ಬೇರೆ ಮನೆಗಳಲ್ಲಿ ಫ್ಯಾನು ಹಾಕಿ ಹಬೆ ಓಡಿಸ್ತಾರಂತೆ. ಇವರ ಮನೆಯಲ್ಲಿ ಅಮ್ಮನಿಂದ ಮಗಳಿಗೆ ಬಂದ ಪದ್ಧತಿ ಬೇರೆ. ಓಡುವ ನೂಲಿನ ಮೇಲೆ ತೋರುಬೆರಳು ಹಗುರಾಗಿ ಇಟ್ಟು, ಎಂಟು ಎಳೆಯನ್ನೂ ಬೆರಳಲ್ಲೇ ಎಣಿಸೋದು.

"ಸಾಬ್ರೇ, ಚರಕ ತಿರುಗಿಸಿ" ಅಂದೆ. ನನ್ನ ಲ್ಯಾಪ್‌ಟಾಪಿನಲ್ಲಿ ಅವಳ ಕೈಯಿಂದ ಬರುವ ಗಂಟೆಗಳು ಗೆರೆಯಾಗಿ ಏಳತೊಡಗಿದವು. ಪಾತ್ರೆ ತೊಳೆಯುವಾಗ ಸೆಕೆಂಡಿಗೆ ಇನ್ನೂರು ಬರುತ್ತೆ. ಇಲ್ಲಿ ಸಾವಿರ, ಎರಡು ಸಾವಿರ, ನಾಲ್ಕು ಸಾವಿರ. ಟಪ್ ಅಂತ ಗೆರೆ ಬಿತ್ತು. ಸಿಸ್ಟಮ್ ಗಂಟೆ ಕಟ್ಟಿತು. ಅದೇ ಕ್ಷಣಕ್ಕೆ ಮೆಹರುನ್ನೀಸಾ, "ಹೋಯ್ತು ನೋಡಿ" ಅಂತ ಕಣ್ಣು ಒರೆಸಿಕೊಂಡಳು.

ನಾನು ಬಿದ್ದುಹೋದ ಆ ನಾಲ್ಕು ಸಾವಿರವನ್ನು ಬಿಡಿಸಿ ನೋಡಿದೆ. ಗದ್ದಲ ಅಂದರೆ ಗೊತ್ತುಗುರಿಯಿಲ್ಲದ್ದು. ಇದು ಹಾಗಿರಲಿಲ್ಲ. ಎಂಟು ಅಲೆ, ಒಂದರ ಪಕ್ಕ ಒಂದು, ಎಂಟು ಎಳೆಗೆ ಎಂಟು. ಅವಳು ಬೆರಳನ್ನು ಒಂದು ಚೂರು ಓರೆ ಮಾಡಿದರೆ ಅಲೆಗಳು ಅಗಲವಾಗಿ ಬೇರೆ ಬೇರೆ ಕಾಣುತ್ತಿದ್ದವು. ಇಪ್ಪತ್ತೆಂಟು ವರ್ಷದ ವಿದ್ಯೆ ಕಣ್ರೀ ಅದು! ಆ ಕೈ ಹೊಸದಾದರೂ ಅದನ್ನು ಆಡಿಸುವವಳು ಹಳಬಳು. ನಮ್ಮ ದರಿದ್ರ ಸಿಸ್ಟಮ್ಮಿಗೆ ಅಷ್ಟು ಬುದ್ಧಿವಂತ ಕೈ ಇರಬಹುದು ಅನ್ನೋ ಕಲ್ಪನೆಯೇ ಇರಲಿಲ್ಲ. ಸಾಧಾರಣ ಕೈ ಇಷ್ಟು ಮಾತಾಡಲ್ಲ, ಆದ್ದರಿಂದ ಮಾತಾಡುವ ಕೈ ಕೆಟ್ಟ ಕೈ. ನನಗೆ ಮೈಯೆಲ್ಲ ಉರಿದುಹೋಯಿತು.

ಮಾರನೆಯ ಬೆಳಿಗ್ಗೆ ಮಂಡಳಿಯ ನಿರ್ದೇಶಕರು ವಾಮನ್ ರಾವ್ ನಿಯಂತ್ರಣ ಕೊಠಡಿಗೆ ಬಂದಾಗ ಆ ಎಂಟು ಅಲೆಗಳನ್ನು ಗೋಡೆಯ ದೊಡ್ಡ ಪರದೆ ಮೇಲೆ ಹಾಕಿಟ್ಟಿದ್ದೆ. ಕೆಟ್ಟ ಮನುಷ್ಯನಲ್ಲ ಅವರು. ಅದೇ ಕಷ್ಟ, ಕೆಟ್ಟವರಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು.

"ನೋಡಿ ಇಂದ್ರಾಣಿಯವರೇ, ಎರಡು ಲಕ್ಷ ಜನರ ಅಂಗ ನಾವು ನಡೆಸ್ತಾ ಇದ್ದೀವಿ. ಒಬ್ಬರಿಗೋಸ್ಕರ ಮಿತಿ ಸಡಿಲಿಸೋಕಾಗಲ್ಲ."

"ಆಸ್ಪತ್ರೆಯ ಪರೀಕ್ಷಾ ಕ್ರಮ ಇದೆಯಲ್ಲ ಸಾರ್. ಅದರಲ್ಲಿ ಸಿಸ್ಟಮ್ ನಡುವೆ ಬಾಯಿ ಹಾಕಲ್ಲ, ಕೈ ಹೇಳಿದ್ದೆಲ್ಲ ನೇರ ಹೋಗುತ್ತೆ. ಆಯಮ್ಮನಿಗೆ ಅದನ್ನೇ ಬಿಟ್ಟುಕೊಡಿ."

"ಅದರಲ್ಲಿ ನೋವೂ ನೇರ ಹೋಗುತ್ತೆ! ಸ್ಪರ್ಶ, ಬಿಸಿ ಎರಡೂ ಒಂದೇ ತಂತಿ. ಸುಡುನೀರಲ್ಲಿ ಕೈ ಇಡೋರಿಗೆ ಅದನ್ನ ಕೊಡೋದಾ? ಈಗ ಬಿಸಿ ಜಾಸ್ತಿಯಾದರೆ ಒಂದು ಸಣ್ಣ ಸೂಚನೆ ಕೊಟ್ಟು ಸಿಸ್ಟಮ್ಮೇ ಕೈ ಹಿಂದಕ್ಕೆ ತಗೊಳ್ಳುತ್ತೆ. ಜನ ನೆಮ್ಮದಿಯಾಗಿದ್ದಾರೆ."

"ನೆಮ್ಮದಿಯಾಗಿದ್ದಾರೆ ಅಂತ ಅವರನ್ನ ಕೇಳಿದ್ದೀರಾ?"

"ದೂರು ಕಡಿಮೆಯಾಗಿದೆ" ಅಂದರು. ದೂರು ಮುಚ್ಚಿಬಿಡಿ ಅಂತಲೂ ಅಂದರು. ನಿಯಮದ ಪುಸ್ತಕ ನನಗೂ ಬಾಯಿಪಾಠ. ಮಂಡಳಿಯ ಪರೀಕ್ಷಾ ಸಮಿತಿಯ ಮುಂದೆ ಅಂಗದಲ್ಲಿ ದೋಷವಿಲ್ಲ ಅಂತ ಸಾಬೀತಾದರೆ, ಅದರ ಗಂಟೆ ಕಟ್ಟುವ ಹಾಗಿಲ್ಲ, ಬಳಸುವವರು ಕೇಳಿದ ಕ್ರಮವನ್ನೇ ಕೊಡಬೇಕು. ಶನಿವಾರ ಹನ್ನೊಂದು ಗಂಟೆಗೆ ಸಮಿತಿ ಕರೆಯಿರಿ ಅಂತ ಅಲ್ಲೇ ಬರೆದು ಅವರ ಮುಂದೆ ಇಟ್ಟೆ. ವಾಮನ್ ರಾವ್ ನಿಟ್ಟುಸಿರು ಬಿಟ್ಟು ರುಜು ಹಾಕಿದರು.

ಆ ಸಂಜೆ ಮನೆಯಲ್ಲಿ ನಡೆದದ್ದನ್ನು ಹೇಳಬೇಕೋ ಬೇಡವೋ ಗೊತ್ತಿಲ್ಲ. ಹೇಳಿಬಿಡ್ತೀನಿ.

ನಮ್ಮೆಜಮಾನ್ರು ನರಹರಿಗೆ ಒಂಬತ್ತು ವರ್ಷದ ಹಿಂದೆ ಜ್ವರದಲ್ಲಿ ಎರಡೂ ಕಿವಿ ಹೋಗಿ, ಮಂಡಳಿಯ ಕಿವಿ ಕೂಡಿಸಿದ್ದಾರೆ. ನಾನು ಎಷ್ಟು ಬೈದರೂ ಮುಗುಳ್ನಗುತ್ತಾ ಕೂತಿರುವ ಮಹಾನುಭಾವ. ಇಂಥ ಗಂಡ ಸಿಗೋಕೆ ಪುಣ್ಯ ಮಾಡಿರಬೇಕು ಅಂತ ಅಕ್ಕಪಕ್ಕದವರೆಲ್ಲ ಹೇಳ್ತಿದ್ದರು. ಆ ದಿನ ಯಾಕೋ ಅನುಮಾನ ಬಂದು, ಅವರ ಕಿವಿಯ ದಾಖಲೆ ತೆಗೆದೆ. ಅಲ್ಲಿತ್ತು: ಗದ್ದಲದ ಮೂಲ, ಹೆಣ್ಣು ದನಿ, ಹೆಚ್ಚಾಗಿ ಬೆಳಿಗ್ಗೆ ಏಳರಿಂದ ಒಂಬತ್ತು. ಗಂಟೆ ಕಟ್ಟಲಾಗಿದೆ.

"ರೀ! ನಾನು ಬೈಯೋದು ನಿಮಗೆ ಕೇಳಿಸಲ್ವಾ?"

ಅವರು ಈರುಳ್ಳಿ ಹೆಚ್ಚುತ್ತಿದ್ದರು. "ಶುರುವಾಗೋದು ಕೇಳಿಸುತ್ತೆ ಕಣೆ. ಆಮೇಲೆ ಒಂಥರಾ ಶಾಂತವಾಗಿಬಿಡುತ್ತೆ. ವಯಸ್ಸಾದ ಮೇಲೆ ನನಗೆ ಸಹನೆ ಬಂತು ಅಂದ್ಕೊಂಡಿದ್ದೆ."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುತ್ತಿದ್ದ ಹಾಗೇ ಒಂದು ನೆನಪು ಬಂದು ನಗು ನಿಂತುಹೋಯಿತು. ನಮ್ಮಮ್ಮ ಹೋದ ದಿನ ಮಲಗಿದಲ್ಲೇ ಸೆರಗು ಮುಖಕ್ಕೆ ಮುಚ್ಚಿಕೊಂಡು ಗಟ್ಟಿಯಾಗಿ ಅತ್ತಿದ್ದೆ. ಈ ಮನುಷ್ಯ ಪಕ್ಕದಲ್ಲೇ ಪೇಪರು ಓದುತ್ತಾ ಕೂತಿದ್ದರು. ಆರು ವರ್ಷದಿಂದ ಆ ಕೋಪ ನನ್ನ ಹೊಟ್ಟೆಯಲ್ಲಿತ್ತು. ಅವತ್ತಿನ ತಾರೀಕು ಹುಡುಕಿದೆ. ನಾಲ್ಕು ತಾಸು ಅವರ ಕಿವಿಯ ಗಂಟೆ ಕಟ್ಟಿತ್ತು.

ಹೇಳಿದೆ. ಅವರ ಕೈಯಿಂದ ಚಾಕು ಕೆಳಗಿಳಿಯಿತು. "ನೀನು ಸದ್ದಿಲ್ಲದೆ ಮಲಗಿದ್ದೀಯ, ಎಬ್ಬಿಸೋದು ಬೇಡ ಅಂತ ಕೂತಿದ್ದೆನಲ್ಲೇ" ಅಂದರು. ಇಬ್ಬರೂ ಅತ್ತೆವು. ಅದೂ ಅವರಿಗೆ ಎಷ್ಟು ಕೇಳಿಸಿತೋ ಯಾರಿಗೆ ಗೊತ್ತು. ದೂರು ಕಡಿಮೆಯಾಗಿದೆಯಂತೆ! ಏನು ಕಳೆದುಕೊಂಡೆವು ಅಂತ ಗೊತ್ತಾಗದ ಹಾಗೆ ಮಾಡಿಟ್ಟರೆ ದೂರು ಎಲ್ಲಿಂದ ಬರಬೇಕು?

ಶನಿವಾರ ಖಾದರ್ ಸಾಬ್ರು ಒಲೆ, ಸಿಲಿಂಡರು, ಬಾಣಲೆ, ಬಿಚ್ಚಿದ ಚರಕ, ಒಂದು ಮೂಟೆ ಜೋಡಿ ಗೂಡು ಎಲ್ಲವನ್ನೂ ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಬಂದರು. ಮಂಡಳಿಯ ಬಾಗಿಲಲ್ಲಿ ಕಾವಲಿನವನು, "ಒಳಗೆ ಬೆಂಕಿ ತರೋ ಹಾಗಿಲ್ಲ" ಅಂದ. "ಇದು ಸಾಧನ ಪರೀಕ್ಷೆ. ಪಕ್ಕಕ್ಕೆ ಸರಿಯಪ್ಪ" ಅಂದೆ. ಸರಿದ.

ಸಭೆಗೆ ಮುಂಚೆ ಮೆಹರುನ್ನೀಸಾಳನ್ನು ಪಕ್ಕಕ್ಕೆ ಕರೆದು, ಇದ್ದದ್ದು ಇದ್ದ ಹಾಗೆ ಹೇಳಿದೆ. "ಪರೀಕ್ಷಾ ಕ್ರಮ ಹಾಕ್ತೀನಿ. ಎಲ್ಲ ಗೊತ್ತಾಗುತ್ತೆ. ಕೈಯ ರಬ್ಬರಿಗೆ ಆ ನೀರು ಏನೂ ಮಾಡಲ್ಲ, ಆದರೆ ಸುಡೋ ನೋವು ಪೂರ್ತಿ ಬರುತ್ತೆ ಮೆಹರಕ್ಕ. ಸಿಸ್ಟಮ್ ಕೈ ಹಿಂದಕ್ಕೆಳೆಯಲ್ಲ."

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಹುಟ್ಟಿದ ಕೈ ಇದ್ದಾಗ ಸುಡ್ತಿರಲಿಲ್ವೇನಕ್ಕ?"

ಸಮಿತಿಯಲ್ಲಿ ಮೂವರು. ನಡುವೆ ವಾಮನ್ ರಾವ್, ಆ ಕಡೆ ನರರೋಗದ ಡಾಕ್ಟರು ಶಾರ್ವರಿ, ಈ ಕಡೆ ಒಬ್ಬರು ಹಿರಿಯ ಎಂಜಿನಿಯರು, ಚೆನ್ನಬಸಪ್ಪ ಅಂತ. ನೀರು ಕಾದು, ಗೂಡು ಬೆಂದು, ವಾಸನೆ ಸಭಾಂಗಣವೆಲ್ಲ ತುಂಬಿತು. ವಾಮನ್ ರಾವ್ ಮೂಗಿಗೆ ಕರವಸ್ತ್ರ ಹಿಡಿದರು. ನೂಲಿನ ದಪ್ಪ ಅಳೆಯುವ ಒಂದು ಯಂತ್ರ ತರಿಸಿ ಚರಕದ ಮುಂದೆ ಕೂಡಿಸಿದ್ದೆ. ನೂಲು ತೆಳ್ಳಗಾದರೆ ಅದರ ಕೆಂಪು ದೀಪ ಹತ್ತುತ್ತೆ. ಯಂತ್ರಕ್ಕಿಂತ ಮೊದಲು ಅವಳು ಹೇಳಬೇಕು. ಹೇಳಿದರೆ ಆ ಕೈಯಿಂದ ಬರೋದು ಗದ್ದಲ ಅಲ್ಲ, ಸುದ್ದಿ ಅಂತ ಲೆಕ್ಕ.

ಮೆಹರುನ್ನೀಸಾ ತಾನಾಗಿ ದುಪಟ್ಟಾದಿಂದ ಕಣ್ಣು ಕಟ್ಟಿಕೊಂಡಳು. ನಾನು ಪರೀಕ್ಷಾ ಕ್ರಮದ ಗುಂಡಿ ಒತ್ತಿದೆ.

ಅವಳು ಕೈಯನ್ನು ನೀರಿಗೆ ಹಾಕಿದಳು. ಹಾಕಿದ್ದೇ "ಯಾ ಅಲ್ಲಾ!" ಅಂತ ಚೀರಿದಳು. ಶಾರ್ವರಿ ಕುರ್ಚಿಯಿಂದ ಅರ್ಧ ಎದ್ದರು. ಕೈ ಆಚೆ ಬರಲಿಲ್ಲ. ನೀರೊಳಗೆ ಬೆರಳು ಆಡಿತು, ಎಂಟು ಎಳೆ ಹಿಡಿದು ಮೇಲೆದ್ದಿತು. ತಣ್ಣೀರಲ್ಲಿ ಒಮ್ಮೆ ಅದ್ದಿ, ನೂಲಿನ ಮೇಲೆ ತೋರುಬೆರಳಿಟ್ಟು, "ತಿರುಗಿಸ್ರೀ" ಅಂದಳು. ಖಾದರ್ ಸಾಬ್ರು ತಿರುಗಿಸಿದರು.

ಒಂದು ನಿಮಿಷ ಚರಕ ತಿರುಗುತ್ತಲೇ ಇತ್ತು. ಅವಳ ಮುಖ ನಿಧಾನವಾಗಿ ಬದಲಾಯಿತು. ದುಪಟ್ಟಾದ ಕೆಳಗಿಂದ ನೀರು ಇಳಿಯುತ್ತಿತ್ತು, ನೋವಿಗೋ ಸಂತೋಷಕ್ಕೋ ನಾನು ಹೇಳಲಾರೆ.

"ಮೂರನೇದು ಮುಗೀತು."

ಆಮೇಲೆ ಕೆಂಪು ದೀಪ ಹತ್ತಿತು.

"ಏಳನೇದು." ದೀಪ. "ಒಂದನೇದು ಸಿಕ್ಕಾಯ್ತು, ಈಗ ಕಿತ್ತುಹೋಗುತ್ತೆ." ಕಿತ್ತುಹೋಯಿತು, ದೀಪ. ಹನ್ನೊಂದು ಸಲ. ಹನ್ನೊಂದು ಸಲವೂ ಯಂತ್ರ ಹಿಂದೆ. ಪ್ರತಿ ಸಲ ಹೊಸ ಎಳೆಗೆ ನೀರಿಗೆ ಕೈ ಹಾಕಿದಾಗ ಹಲ್ಲು ಕಚ್ಚಿ ನರಳುತ್ತಿದ್ದಳು. ಚೆನ್ನಬಸಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು.

"ಸಾಕು" ಅಂದರು ವಾಮನ್ ರಾವ್. "ಪರದೆ ಮೇಲೆ ನೋವಿನ ಅಳತೆ ನೋಡಿ, ಇದು ಹಿಂಸೆ. ಇಂದ್ರಾಣಿಯವರೇ, ಕ್ರಮ ಬದಲಾಯಿಸಿ."

"ಪರೀಕ್ಷೆ ಮುಗಿದಿಲ್ಲ ಸಾರ್."

"ಇದು ಆದೇಶ."

ನಾನು ಎರಡೂ ಕೈ ಕೀಬೋರ್ಡಿನಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡೆ. "ಮಾಡಲ್ಲ" ಅಂದೆ. ಹತ್ತೊಂಬತ್ತು ವರ್ಷದಲ್ಲಿ ಬೇಕಾದಷ್ಟು ಗೊಣಗಿದ್ದೆ, ಜಗಳ ಆಡಿದ್ದೆ. ಆ ಮಾತು ಮಾತ್ರ ಅವತ್ತೇ ಮೊದಲು ಬಾಯಿಂದ ಬಂತು.

ವಾಮನ್ ರಾವ್ ತಾವೇ ಎದ್ದು ಬಂದು ಗುಂಡಿಯ ಕಡೆ ಕೈ ಚಾಚಿದರು. ನನ್ನ ಮೇಜು ಬಾಣಲೆಯ ಪಕ್ಕದಲ್ಲೇ ಇತ್ತು. ಹೆಜ್ಜೆ ಸದ್ದಿಗೆ ಮೆಹರುನ್ನೀಸಾ ದುಪಟ್ಟಾ ಮೇಲೆ ಸರಿಸಿ ನೋಡಿದಳು. ನೀರಿಂದ ಆಗಷ್ಟೇ ಎದ್ದ ಕೈಯಿಂದ, ತಣ್ಣೀರಿಗೂ ಅದ್ದದೆ, ಅವರ ಮಣಿಕಟ್ಟು ಹಿಡಿದಳು.

"ಅಯ್ಯಯ್ಯೋ!" ಅಂತ ಕಿರುಚಿಕೊಂಡರು ನಿರ್ದೇಶಕರು.

"ಸುಡ್ತಾ ಸಾರ್?" ಕೈ ಬಿಟ್ಟಳು. "ನನಗೂ ಅಷ್ಟೇ ಸುಡ್ತಿದೆ. ನಿಮ್ಮ ಕೈ ಸುಡೋದು ನಿಮಗೆ ಗೊತ್ತಾಗ್ಲಿ, ನನ್ನದು ನನಗೆ ಗೊತ್ತಾಗೋದು ಬೇಡ ಅಂದ್ರೆ ಯಾವ ನ್ಯಾಯ? ಎಂಟು ತಿಂಗಳು ನೋವಿಲ್ಲದ ಕೈ ಇಟ್ಕೊಂಡು ಹುಳ ಗುಡಿಸಿದ್ದೀನಿ. ನನಗದು ಬೇಡ."

ಶಾರ್ವರಿ ತಮ್ಮ ಮುಂದಿನ ಹಾಳೆ ಎಳೆದುಕೊಂಡು, 'ದೋಷ ಕಂಡುಬಂದಿಲ್ಲ' ಅಂತ ಬರೆದು ರುಜು ಮಾಡಿ, ಚೆನ್ನಬಸಪ್ಪನವರ ಕಡೆ ತಳ್ಳಿದರು. ಅವರೂ ಮಾಡಿದರು. ಮೂವರಲ್ಲಿ ಇಬ್ಬರು ಸಾಕಾಗಿತ್ತು.

ವಾಮನ್ ರಾವ್ ಕೆಂಪಾದ ಮಣಿಕಟ್ಟನ್ನು ಊದಿಕೊಳ್ಳುತ್ತಾ ನಿಂತಿದ್ದರು. ಕೋಪಕ್ಕಿಂತ ಭಯವೇ ಅವರ ದನಿಯಲ್ಲಿ ಹೆಚ್ಚಿತ್ತು. "ಆಯ್ತಮ್ಮ, ನಿನ್ನಿಷ್ಟ. ನಾಳೆ ಈ ಕೈಗೆ ಏನಾದರೂ ಆದರೆ, ನೋವು ತಡೆಯೋಕಾಗದೆ ಹೋದರೆ, ಮಂಡಳಿ ನೋಡಿಕೊಳ್ಳಲ್ಲ. ಆಗ ಯಾರಿರ್ತಾರೆ ನೋಡಿಕೊಳ್ಳೋಕೆ?"

"ನಾನಿದ್ದೀನಲ್ಲ" ಅಂದಳು ಮೆಹರುನ್ನೀಸಾ. ಗಂಡನ ಕಡೆ ತಿರುಗಿ, "ನೀವ್ಯಾಕ್ರೀ ನಿಲ್ಲಿಸಿದ್ರಿ? ತಿರುಗಿಸಿ" ಅಂದು ಮತ್ತೆ ಆ ನೀರಿಗೆ ಕೈ ಹಾಕಿದಳು.